ನಕ್ಷತ್ರದ ಬೆನ್ನು ಹತ್ತುವ ಹಲ್ಲುಗಾಲಿ



ದೂರದರ್ಶಕ ಅಂದ ಕೂಡಲೇ ಎಲ್ಲರೂ ಕೇಳುವುದು ಕನ್ನಡಿಯ ಗಾತ್ರವನ್ನು. ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟಿನ ಗೇರು ಹೇಗಿದೆ ಎಂದು ಕೇಳುವವರು ಕಡಿಮೆ. ಚಿತ್ರ ಕೆಡುವುದು ಬಹಳ ಸಲ ಅಲ್ಲಿಯೇ.

ಭೂಮಿಯ ತಿರುಗಾಟದಿಂದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಕೋನದ ಬಹು ಸಣ್ಣ ಅಳತೆ) ಸರಿಯುತ್ತದೆ. ನಮ್ಮ ಜಮಖಂಡಿ ಸೀಮೆಯ ಅಕ್ಷಾಂಶಕ್ಕೆ ತಕ್ಕಂತೆ 16 ಡಿಗ್ರಿಗಿಂತ ತುಸು ಹೆಚ್ಚು ಎತ್ತಿ ಧ್ರುವದ ಕಡೆಗೆ ನಿಲ್ಲಿಸಿದ ಅಕ್ಷ ಅದೇ ವೇಗದಲ್ಲಿ ತಿರುಗಬೇಕು. 360 ಹಲ್ಲಿನ ಗಾಲಿಯಿದ್ದರೆ, ಅದನ್ನು ನೂಕುವ ತಿರುಪಿನಂಥ ವರ್ಮ್ ಒಂದು ಸುತ್ತು ಮುಗಿಸಲು ನಾಲ್ಕು ನಿಮಿಷಕ್ಕೆ ತುಸು ಕಡಿಮೆ ಬೇಕು. ಗಾಲಿಯ ವ್ಯಾಸ 20 ಸೆಂಟಿಮೀಟರ್ ಎನ್ನಿ. ಅದರ ಅಂಚಿನಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ ಅರ್ಧ ಮೈಕ್ರಾನ್. ಹಲ್ಲಿನಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು ತಪ್ಪಿದರೂ ನಕ್ಷತ್ರ 20 ಆರ್ಕ್‌ಸೆಕೆಂಡ್ ಆಚೆ ಜಿಗಿಯುತ್ತದೆ. ಗುರುಗ್ರಹದ ಬಿಂಬದ ಸುಮಾರು ಅರ್ಧ ಅದು! ಲೇಥಿನ ಮುಂದೆ ದಿನ ಕಳೆಯುವವರಿಗೆ ಈ ಅಳತೆ ಎಷ್ಟು ಕಠಿಣವೆಂದು ನಾನು ಹೇಳಬೇಕಿಲ್ಲ.

ಈ ದೋಷ ಹುಡುಕುವ ಬಗೆ ರಬಕವಿ-ಬನಹಟ್ಟಿಯ ನೇಕಾರರಿಗೆ ಗೊತ್ತಿರುವಂಥದ್ದೇ. ಪಾವರ್‌ಲೂಮಿನಲ್ಲಿ ಬಟ್ಟೆ ಸುತ್ತಿಕೊಳ್ಳುವ ಗಾಲಿಗಳಲ್ಲಿ ಒಂದರ ನಡು ತಪ್ಪಿದ್ದರೆ, ಹೊಕ್ಕಿನ ಎಳೆಗಳು ಒಮ್ಮೆ ಒತ್ತಾಗಿ, ಒಮ್ಮೆ ವಿರಳವಾಗಿ ಬಿದ್ದು ಅಡ್ಡ ಪಟ್ಟೆ ಮೂಡುತ್ತದೆ. ಪಟ್ಟೆ ಎಷ್ಟು ಅಂತರಕ್ಕೆ ಮರಳಿ ಬರುತ್ತದೆಂದು ಅಳೆದರೆ ಕೆಟ್ಟ ಗಾಲಿ ಯಾವುದೆಂದು ತಿಳಿಯುತ್ತದೆ. ಮೌಂಟಿನಲ್ಲಿಯೂ ಹಾಗೆಯೇ. ನಕ್ಷತ್ರದ ಓಲಾಟ ನಾಲ್ಕು ನಿಮಿಷಕ್ಕೊಮ್ಮೆ ಮರಳಿದರೆ ತಪ್ಪು ವರ್ಮಿನದು. ಗಂಟೆಗಟ್ಟಲೆ ನಿಧಾನವಾಗಿ ಜಾರಿದರೆ ದೊಡ್ಡ ಗಾಲಿಯನ್ನು ಅನುಮಾನಿಸಬೇಕು, ಧ್ರುವದ ಜೋಡಣೆ ಸರಿಯಿದ್ದರೆ ಮಾತ್ರ. ಕೆಲವೇ ಸೆಕೆಂಡುಗಳ ನಡುಕವಿದ್ದರೆ ಮೋಟರಿನ ಬದಿಯ ಸಣ್ಣ ಗೇರುಗಳನ್ನು ಬಿಚ್ಚಿ ನೋಡಿ.

ಈ ತಪ್ಪುಗಳನ್ನು ಕ್ಯಾಮೆರಾ, ಕಂಪ್ಯೂಟರ್ ತಿದ್ದುತ್ತವಲ್ಲ ಎಂಬ ಮಾತಿದೆ. ನಿಧಾನದ, ಮರುಕಳಿಸುವ ತಪ್ಪನ್ನು ತಿದ್ದುತ್ತವೆ, ನಿಜ. ಆದರೆ ಹಲ್ಲಿನ ಒರಟುತನದಿಂದಾದ ನಡುಕವನ್ನು ಕ್ಯಾಮೆರಾ ಕಂಡು ತಿದ್ದುವಷ್ಟರಲ್ಲಿ ನಕ್ಷತ್ರ ಮತ್ತೊಂದು ಕಡೆ ವಾಲಿರುತ್ತದೆ. ಹಲ್ಲುಗಳ ನಡುವೆ ಸಂದು ಹೆಚ್ಚಾಗಿದ್ದರೆ, ಮೋಟರು ದಿಕ್ಕು ಬದಲಿಸಿದಾಗ ಆ ಸಂದು ತುಂಬುವವರೆಗೆ ಅಕ್ಷ ಅಲುಗುವುದೇ ಇಲ್ಲ. ಸಂದು ಮುಚ್ಚಲೆಂದು ಬಿಗಿ ಮಾಡಿದರೆ, ಗಾಲಿಯ ಉಬ್ಬಿದ ಕಡೆ ಬಂದಾಗ ವರ್ಮ್ ಹಿಡಿದುಕೊಳ್ಳುತ್ತದೆ. ಗೇರನ್ನೇ ಚೆನ್ನಾಗಿ ಮಾಡಬೇಕೆಂಬುದು ನನ್ನ ಗಟ್ಟಿ ನಂಬಿಕೆ.

ದೊಡ್ಡ ದೂರದರ್ಶಕದ ಯಂತ್ರಭಾಗವನ್ನೇ ನಮ್ಮ ದೇಶದಲ್ಲಿ ಮಾಡಿದ್ದಾರೆ. ತಮಿಳುನಾಡಿನ ಕಾವಲೂರಿನ 2.34 ಮೀಟರ್ ಕನ್ನಡಿಯ ದೂರದರ್ಶಕ 1986ರ ಜನವರಿ 6ರಂದು ಲೋಕಾರ್ಪಣೆಯಾಯಿತು. ಕನ್ನಡಿಯನ್ನು ಉಜ್ಜಿ ರೂಪ ಕೊಟ್ಟದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಯಂತ್ರಭಾಗ ತಯಾರಾದದ್ದು ಪುಣೆ ಜಿಲ್ಲೆಯ ವಾಲ್‌ಚಂದ್‌ನಗರದಲ್ಲಿ, ಸಕ್ಕರೆ ಕಾರ್ಖಾನೆಗಳ ಯಂತ್ರಗಳಿಗೆ ಹೆಸರಾದ ಊರಿನಲ್ಲಿ. ಕಬ್ಬಿನ ಸೀಮೆಯ ನಮಗೆ ಇದು ಹೆಮ್ಮೆಯ ಜೊತೆಗೆ ಧೈರ್ಯವನ್ನೂ ಕೊಡಬೇಕು.

ಅಧ್ಯಾಪಕರು, ಮಿಸ್ತ್ರಿಗಳು, ನೇಕಾರರು, ವಿದ್ಯಾರ್ಥಿಗಳು ಸೇರಿರುವ ಈ ಸಂಕಿರಣದಿಂದ ನಾನು ಬಯಸುವುದು ಒಂದು ಕೆಲಸ. ನಮ್ಮದೇ ವರ್ಕ್‌ಶಾಪೊಂದರಲ್ಲಿ 360 ಹಲ್ಲಿನ ಕಂಚಿನ ಗಾಲಿಯೊಂದನ್ನು ಕೊರೆಯೋಣ. ವರ್ಮಿನ ಜೊತೆಗೇ ತಿರುಗಿಸಿ, ಸವೆಸುವ ನುಣ್ಣನೆಯ ಪುಡಿ ಹಾಕಿ ಲ್ಯಾಪಿಂಗ್ ಮಾಡೋಣ. ಪುಡಿಯ ಕಣವೂ ಉಳಿಯದಂತೆ ತೊಳೆಯೋಣ. ಬಳಿಕ ವಿದ್ಯಾರ್ಥಿಗಳು ಒಂದೇ ನಕ್ಷತ್ರವನ್ನು ವರ್ಮಿನ ಹಲವು ಸುತ್ತುಗಳವರೆಗೆ ಹಿಂಬಾಲಿಸಿ, ಓಲಾಟದ ನಕ್ಷೆ ಬರೆಯಲಿ. ಲ್ಯಾಪಿಂಗಿಗೆ ಮೊದಲೂ ಒಂದು ನಕ್ಷೆ ಬೇಕು, ಮರೆಯಬೇಡಿ. ಎರಡೂ ನಕ್ಷೆಗಳನ್ನು ಗಾಲಿ ಕೊರೆದ ಮಿಸ್ತ್ರಿಯ ಕೈಗೆ ಕೊಟ್ಟು, ಮುಂದಿನ ಗಾಲಿಯಲ್ಲಿ ಏನು ಬದಲಾಗಬೇಕೆಂದು ಅವರನ್ನೇ ಕೇಳೋಣ.