ಪರದೆಯ ಮೇಲೊಂದು ಪ್ರಳಯ

ಮೊನ್ನೆ ನನ್ನ ಮೊಮ್ಮಗಳು ಕಂಪ್ಯೂಟರಿನ ಪರದೆಯ ಮೇಲೆ ಒಂದು ಬಲೆಯನ್ನು ತೋರಿಸಿದಳು. ಸಾಲುಸಾಲಾಗಿ ಮಣಿಗಳು, ಒಳಗಿನ ಒಂದೊಂದನ್ನೂ ಅದರ ನಾಲ್ಕು ನೆರೆಮಣಿಗಳಿಗೆ ಸ್ಪ್ರಿಂಗಿನಿಂದ ಜೋಡಿಸಲಾಗಿತ್ತು. “ಒಂದನ್ನು ಮೇಲಕ್ಕೆಳೆದು ಬಿಡು ತಾತ” ಎಂದಳು. ಬಿಟ್ಟೆ. ಕೆರೆಗೆ ಕಲ್ಲೆಸೆದಂತೆ ಅಲೆಯೆದ್ದು ಹರಡಿತು. ಬಿಗಿದ ಅಂಚನ್ನು ಮುಟ್ಟಿದ ಉಬ್ಬು ತಗ್ಗಾಗಿ ಮರಳಿತು. ಅಂಚನ್ನು ಸಡಿಲ ಬಿಟ್ಟಾಗ ಉಬ್ಬಾಗಿಯೇ ಮರಳಿತು. ಅಲೆ ಬಲೆಯನ್ನೆಲ್ಲ ಸುತ್ತಿದರೂ ಮಣಿಗಳು ನಿಂತಲ್ಲಿಯೇ ಏರಿಳಿದವು. ಮಣಿಗೆ ಅಲೆಯ ಅರಿವಿಲ್ಲ. ಅದು ಬಲ್ಲದ್ದು ನೆರೆಯ ಸೆಳೆತವನ್ನು ಮಾತ್ರ.

ಅಲೆಯ ನಡೆ ನಿಧಾನವೆನಿಸಿ, ಲೆಕ್ಕದ ಕಾಲದ ಹೆಜ್ಜೆಯನ್ನು ಹಿಗ್ಗಿಸಿದೆ. ಮರುಕ್ಷಣವೇ ಮಣಿಗಳು ಗರಗಸದ ಹಲ್ಲುಗಳಂತೆ ಮೇಲೆ ಕೆಳಗೆ ಚಿಮ್ಮಿ ಪರದೆಯಾಚೆ ಮಾಯವಾದವು. ಯಾರೂ ಕೊಡದ ಶಕ್ತಿ ಎಲ್ಲಿಂದ ಬಂತು? ಅದು ಅಲೆಯದಲ್ಲ, ಲೆಕ್ಕದ್ದು. ಕಂಪ್ಯೂಟರು ಕಾಲವನ್ನು ತುಣುಕುತುಣುಕಾಗಿ ದಾಟುತ್ತದೆ. ಒಂದು ಹೆಜ್ಜೆಯಲ್ಲಿ ಸುದ್ದಿ ಒಂದು ಮಣಿಯಿಂದ ಪಕ್ಕದ ಮಣಿಗಷ್ಟೇ ತಲುಪಬಲ್ಲದು. ಅಷ್ಟರಲ್ಲಿ ಅಲೆ ಅದಕ್ಕೂ ದೂರ ಸಾಗಬೇಕಾಗಿದ್ದರೆ ಲೆಕ್ಕ ಕುಸಿಯುತ್ತದೆ. ಹೆಜ್ಜೆಯ ಈ ಮಿತಿಯನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲಿಯೇ, ಇಂತಹ ಯಂತ್ರಗಳು ಹುಟ್ಟುವ ಮುನ್ನವೇ, ತೋರಿಸಿಕೊಟ್ಟಿದ್ದರು.

ಹೆಜ್ಜೆಯನ್ನು ಮತ್ತೆ ಕಿರಿದುಗೊಳಿಸಿದೆ. ಅಲೆ ಹದವಾಗಿ ಹರಿಯಿತು. ಆದರೆ ಮನಸ್ಸಿನಲ್ಲೊಂದು ಅಳುಕು ಉಳಿಯಿತು. ಇದು ಕಣ್ಣಿಗೆ ರಾಚುವ ತಪ್ಪಾದ್ದರಿಂದ ತಿಳಿಯಿತು. ನಯವಾಗಿ ಕಾಣುವ ತಪ್ಪಾಗಿದ್ದರೆ ಅದನ್ನೇ ನಿಸರ್ಗವೆಂದು ನಂಬಿಬಿಡುತ್ತಿದ್ದೆನಲ್ಲವೇ? ಪ್ರಳಯವೆಂದು ನಾನು ಬೆಚ್ಚಿದ್ದು ನನ್ನದೇ ಅವಸರಕ್ಕೆ.