ಬೆಂಕಿ ಬೀಳುವ ಮುನ್ನವೇ ಠಾಣೆಗೆ

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)

“ನಿನ್ನ ಬಣವೆಗೆ ಬೆಂಕಿ ಇಡುತ್ತೇನೆ” ಎಂದು ಯಾರಾದರೂ ಬೆದರಿಸಿದರೆ, “ಇಟ್ಟ ಮೇಲೆ ತಾನೇ ಪೋಲೀಸರು ಬರುವುದು” ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ಇದು ತಪ್ಪು ತಿಳಿವಳಿಕೆ. ಬಣವೆಗೆ ಬೆಂಕಿ ಇಡುವುದು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ. ಇಂಥ ಅಪರಾಧವನ್ನು ಪ್ರತಿಯೊಬ್ಬ ಪೋಲೀಸ್ ಅಧಿಕಾರಿಯೂ ಕೈಲಾದಮಟ್ಟಿಗೆ ತಡೆಯಲೇಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 168ನೆಯ ಕಲಮು ವಿಧಿಸಿದೆ. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಿಂದಿನ 1973ರ ಸಂಹಿತೆಯಲ್ಲಿಯೂ ಇದೇ ಕಟ್ಟಳೆ ಇತ್ತು.

ಆದರೆ ಮನೆಗೊಬ್ಬ ಕಾವಲುಗಾರನನ್ನು ಕೊಡುವುದಾಗಿ ಕಾನೂನು ಹೇಳಿಲ್ಲ. ಸುದ್ದಿಯೇ ತಲುಪದಿದ್ದರೆ ತಡೆಯುವುದು ಹೇಗೆ? ಆದುದರಿಂದ ಬೆದರಿಕೆ ಬಂದ ದಿನವೇ ಠಾಣೆಗೆ ಬರೆದುಕೊಡಿರಿ. ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿರಿ. ಅಪಾಯ ಎದುರಿಗೇ ಇದ್ದರೆ 112ಕ್ಕೆ ಫೋನು ಮಾಡಿರಿ.

ಅಪರಾಧ ನಡೆದೇ ಹೋದರೆ ಬಾಯಿಮಾತಿನ ದೂರೂ ಸಾಕು. ಅದನ್ನು ಬರೆದುಕೊಂಡು, ಓದಿ ಹೇಳಿ, ನಕಲನ್ನು ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಪೋಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸಿರಿ; ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು.

ರೋಗ ಬರುವ ಮೊದಲೇ ಬೀಜೋಪಚಾರ ಮಾಡುವ ರೈತರು ನಾವು. ಈ ವಿಷಯದಲ್ಲಿಯೂ ಆ ಮುಂಜಾಗ್ರತೆ ಇರಲಿ.