ತಟ್ಟೆಯ ಒಡೆಯರು ಯಾರು?

(ಗಿರಣಿ ಕಾರ್ಮಿಕರ ವಾಚನಾಲಯದ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ವರ್ಷದ ಕೊನೆ ಬಂತೆಂದರೆ ಪತ್ರಿಕೆಗಳಲ್ಲಿ ಪಟ್ಟಿಗಳ ಸುಗ್ಗಿ. ವರ್ಷದ ಹತ್ತು ಉತ್ತಮ ಚಿತ್ರಗಳು, ಹತ್ತು ಉತ್ತಮ ಪುಸ್ತಕಗಳು, ಹಾಗೆಯೇ ಹತ್ತು ಉತ್ತಮ ‘ಇಂಡಿ’ ಸಂಗೀತದ ಮುದ್ರಿಕೆಗಳು. ಇಂಡಿ ಎಂದೊಡನೆ ನಿಮಗೆ ವಿಜಯಪುರ ಜಿಲ್ಲೆಯ ನಿಂಬೆಹಣ್ಣು ನೆನಪಾದರೆ ತಪ್ಪೇನೂ ಇಲ್ಲ. ಆದರೆ ಈ ಇಂಡಿ ‘ಇಂಡಿಪೆಂಡೆಂಟ್’ ಎಂಬ ಇಂಗ್ಲಿಷ್ ಮಾತಿನ ಮೊಟಕು. ಸ್ವತಂತ್ರ ಎಂದು ಅರ್ಥ. ಯಾರಿಂದ ಸ್ವತಂತ್ರ, ಎಷ್ಟು ದಿನ ಸ್ವತಂತ್ರ, ಆ ಸ್ವಾತಂತ್ರ್ಯದ ಖರ್ಚು ಕೊಟ್ಟವರು ಯಾರು ಎಂದು ಈ ಪಟ್ಟಿ ಮಾಡುವವರು ಕೇಳುವುದಿಲ್ಲ. ಗಿಟಾರ್ ಹಿಡಿದು ಕೊಂಚ ಬೇಸರದ ಮುಖ ಮಾಡಿ ಹಾಡುವವರಿಗೆಲ್ಲ ಈ ಹೆಸರಿನ ಚೀಟಿ ಅಂಟಿಸಿ ಸುಮ್ಮನಾಗುತ್ತಾರೆ.

ನಮ್ಮ ಕಾರ್ಯದರ್ಶಿಗಳು ಒಂದು ವರ್ಷವನ್ನು ಆರಿಸಿಕೊಂಡು ಅದರಲ್ಲಿ ನನಗೆ ಮೆಚ್ಚಿಕೆಯಾದ ಮುದ್ರಿಕೆಗಳ ವಿಷಯ ಮಾತಾಡಬೇಕೆಂದು ಹೇಳಿದ್ದಾರೆ. ನಾನು ಆರಿಸಿಕೊಂಡದ್ದು 1979. ದೇಶ ಬ್ರಿಟನ್. ಅಲ್ಲಿಯ ಊರುಗಳಲ್ಲಿ ಮುಖ್ಯವಾಗಿ ಮ್ಯಾಂಚೆಸ್ಟರ್. ದಾವಣಗೆರೆಗೆ ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತಲ್ಲ, ಆ ಹೆಸರಿನ ಮೂಲ ಊರು. 1979ರ ಹೊತ್ತಿಗೆ ಅಲ್ಲಿಯ ಹತ್ತಿ ಗಿರಣಿಗಳಲ್ಲಿ ಬಹುಪಾಲು ಬಾಗಿಲು ಹಾಕಿದ್ದವು. ಆ ವರ್ಷ ಮೇ 4ರಂದು ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. 1982ರ ಜನವರಿಯ ವೇಳೆಗೆ ಆ ದೇಶದ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ಮುಟ್ಟಿತು. ನಾನು ಹೇಳುವ ತಟ್ಟೆಗಳು ಈ ನಡುವಿನ ಹವೆಯಲ್ಲಿ ಹುಟ್ಟಿದವು.

ಮೊದಲು ವ್ಯಾಪಾರದ ಕ್ರಮ ತಿಳಿಯಬೇಕು. ಬ್ರಿಟನ್ನಿನಲ್ಲಿ ಆಗ ಹಾಡಿನ ವ್ಯಾಪಾರ ಬೆರಳೆಣಿಕೆಯ ದೊಡ್ಡ ಕಂಪನಿಗಳ ಕೈಯಲ್ಲಿತ್ತು. ಅವುಗಳಲ್ಲಿ ಇ.ಎಂ.ಐ. ನಮಗೂ ಪರಿಚಯದ್ದೇ. ಕಹಳೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರದ ತಟ್ಟೆಗಳು ನಮ್ಮ ಹಿರಿಯರ ಮನೆಗಳಲ್ಲಿ ಇದ್ದವಲ್ಲ, ಆ ಎಚ್.ಎಂ.ವಿ. ಇದೇ ಕಂಪನಿಯ ಗುರುತು. ಹೊಸ ತಂಡವೊಂದು ಇಂಥ ಕಂಪನಿಯ ಬಾಗಿಲಿಗೆ ಹೋದರೆ ಕಂಪನಿ ಮುಂಗಡ ಕೊಡುತ್ತದೆ. ಸ್ಟುಡಿಯೋ ಖರ್ಚು ಹಾಡುಗಾರರ ಲೆಕ್ಕಕ್ಕೇ ಬೀಳುತ್ತದೆ. ತಟ್ಟೆ ಮಾರಿದ ಮೇಲೆ ಅವರಿಗೆ ನೂರಕ್ಕೆ ಹತ್ತರ ಆಸುಪಾಸಿನ ಪಾಲು. ಆ ಪಾಲಿನಲ್ಲೇ ಮುಂಗಡವೂ ತೀರಬೇಕು. ತೀರಿದ ಮೇಲೂ ಹಾಡಿನ ಮೂಲ ಟೇಪು ಕಂಪನಿಯದೇ. ಸಾಹುಕಾರನಿಂದ ನೂಲು ತಂದು, ಅವನ ಸಾಲದಲ್ಲೇ ಮಗ್ಗ ಹೂಡಿ, ನೇಯ್ದ ಸೀರೆಯನ್ನು ಅವನಿಗೇ ಒಪ್ಪಿಸಿ ಬರುವ ನೇಕಾರರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಟ್ಟನ್ನು ಸಡಿಲಿಸಬಹುದೆಂದು ತೋರಿಸಿದವರು ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡದ ಹುಡುಗರು. 1976ರ ಡಿಸೆಂಬರ್ 28ರಂದು ಸ್ಟುಡಿಯೋ ಹೊಕ್ಕು ಒಂದೇ ದಿನದಲ್ಲಿ ನಾಲ್ಕು ಹಾಡು ಮುಗಿಸಿದರು. ಬಂಡವಳ 500 ಪೌಂಡು. ಅದೂ ಮನೆಯವರಿಂದ, ಗೆಳೆಯರಿಂದ ತಂದ ಕೈಸಾಲ. ತಾವೇ ಒಂದು ಹೆಸರಿಟ್ಟುಕೊಂಡು 1977ರ ಜನವರಿಯಲ್ಲಿ 1,000 ತಟ್ಟೆ ಒತ್ತಿಸಿ ಹೊರತಂದರು. ಆ ತಟ್ಟೆ ಕೊನೆಗೆ 16,000ದವರೆಗೆ ಮಾರಿತು. ಮರುವರ್ಷ ಲಂಡನ್ನಿನಲ್ಲಿ ಸ್ಕ್ರಿಟ್ಟಿ ಪೊಲಿಟ್ಟಿ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಟಲಿಯ ಗ್ರಾಂಷಿಯ ರಾಜಕೀಯ ಬರಹಗಳ ಹೆಸರನ್ನು ಕೊಂಚ ತಿರುಚಿ ಇಟ್ಟುಕೊಂಡ ಹೆಸರು ಅದು. ತಮ್ಮ ತಟ್ಟೆಯ ಹೊದಿಕೆಯ ಮೇಲೆ ಸ್ಟುಡಿಯೋಗೆ ಎಷ್ಟಾಯಿತು, ತಟ್ಟೆ ಒತ್ತಿಸಲು ಎಷ್ಟಾಯಿತು ಎಂದು ಖರ್ಚಿನ ಪಟ್ಟಿಯನ್ನೇ ಅವರು ಅಚ್ಚು ಹಾಕಿಸಿದರು. ಸರಕಿನ ಮೇಲೆ ಅದರ ಅಸಲು ಖರ್ಚು ಬರೆದಿಟ್ಟ ವ್ಯಾಪಾರಿಯನ್ನು ಇಲ್ಲಿ ಯಾರಾದರೂ ಕಂಡಿದ್ದೀರಾ? (ನಗು)

ಆದರೆ ಒತ್ತಿಸಿದರೆ ಸಾಲದು. ಮಾಲು ಊರೂರಿಗೆ ಹೋಗಬೇಕು. ಇದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಜೆಫ್ ಟ್ರಾವಿಸ್ ಎಂಬುವರು 1976ರಲ್ಲಿ ಪಶ್ಚಿಮ ಲಂಡನ್ನಿನಲ್ಲಿ ‘ರಫ್ ಟ್ರೇಡ್’ ಎಂಬ ತಟ್ಟೆಯ ಅಂಗಡಿ ತೆರೆದಿದ್ದರು. 1978ರಿಂದ ತಾವೇ ತಟ್ಟೆ ಹೊರತರಲೂ ತೊಡಗಿದರು. ಅಲ್ಲಿಯ ಒಪ್ಪಂದ ಸರಳ: ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಹಾಡುಗಾರರಿಗೆ, ಅರ್ಧ ಸಂಸ್ಥೆಗೆ. ಮುಂದೆ ಯಾರ್ಕ್, ಬ್ರಿಸ್ಟಲ್, ಲಿವರ್‌ಪೂಲ್, ಎಡಿನ್‌ಬರೊ ಮುಂತಾದ ಊರುಗಳ ಇಂಥದೇ ಅಂಗಡಿಗಳು ಇವರೊಡನೆ ಕೂಡಿ ದೊಡ್ಡ ಕಂಪನಿಗಳ ಹಂಗಿಲ್ಲದೆ ದೇಶದ ತುಂಬ ತಟ್ಟೆ ಸಾಗಿಸುವ ಜಾಲ ಕಟ್ಟಿದವು. 1980ರ ಜನವರಿಯಲ್ಲಿ ‘ಇಂಡಿ’ ಮಾರಾಟದ ಮೊದಲ ಅಧಿಕೃತ ಪಟ್ಟಿ ಪ್ರಕಟವಾದಾಗ ಅದರಲ್ಲಿ ಸೇರಲು ಇದ್ದ ನಿಯಮ ಒಂದೇ. ತಟ್ಟೆ ದೊಡ್ಡ ಕಂಪನಿಗಳ ಸಾಗಣೆಯ ಮೂಲಕ ಅಂಗಡಿಗೆ ಬಂದಿರಬಾರದು. ರಾಗ ಹೇಗಿದೆ, ತಾಳ ಹೇಗಿದೆ ಎಂದು ಯಾರೂ ಕೇಳಲಿಲ್ಲ.

ಇನ್ನು ನನ್ನ ಮೆಚ್ಚಿನ ತಟ್ಟೆಗಳು.

ಫೆಬ್ರವರಿಯಲ್ಲಿ ಬಂದದ್ದು ಸ್ಟಿಫ್ ಲಿಟಲ್ ಫಿಂಗರ್ಸ್ ತಂಡದ ‘ಇನ್‌ಫ್ಲಾಮಬಲ್ ಮೆಟೀರಿಯಲ್’. ಬೆಲ್‌ಫಾಸ್ಟಿನ ಹುಡುಗರು. ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ನಡುವೆ ಬಾಂಬು ಸಿಡಿಯುತ್ತಿದ್ದ, ಬೀದಿಯಲ್ಲಿ ಸೈನ್ಯ ನಿಂತಿದ್ದ ಊರು. ಇವರು ಎರಡು ಪಕ್ಷದ ಬಂದೂಕುಗಳನ್ನೂ, ಸೈನಿಕರ ಬಂದೂಕುಗಳನ್ನೂ ಸಮನಾಗಿ ಬೈದರು. ಹಾಡುಗಾರಿಕೆ ಎನ್ನುವುದಕ್ಕಿಂತ ಕೂಗು ಎನ್ನಬೇಕು. ತಟ್ಟೆಯ ಎರಡನೆಯ ಮಗ್ಗುಲು ನನಗೆ ಮೊದಲನೆಯದರಷ್ಟು ಹಿಡಿಸಲಿಲ್ಲ. ಅದಿರಲಿ. ರಫ್ ಟ್ರೇಡ್ ಹೊರತಂದ ಮೊದಲ ಎಲ್.ಪಿ. ತಟ್ಟೆ ಇದು, ದೇಶದ ಒಟ್ಟು ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೇರಿ ಲಕ್ಷಕ್ಕೂ ಮೀರಿ ಮಾರಿತು. ಒಂದು ಅಂಗಡಿಯ ಕೋಣೆಯಿಂದ ಹೊರಟ ಸರಕು ಇಷ್ಟು ದೂರ ಹೋದೀತೆಂದು ದೊಡ್ಡ ಕಂಪನಿಗಳವರು ಎಣಿಸಿರಲಿಲ್ಲ.

ಮಾರ್ಚಿಯಲ್ಲಿ ಬಂದದ್ದು ‘ದಿ ಫಾಲ್’ ತಂಡದ ‘ಲೈವ್ ಅಟ್ ದ ವಿಚ್ ಟ್ರಯಲ್ಸ್’. ಮುಖ್ಯ ಹಾಡುಗಾರ ಮಾರ್ಕ್ ಸ್ಮಿತ್ ಬಂದರುಕಟ್ಟೆಯಲ್ಲಿ ಗುಮಾಸ್ತರಾಗಿದ್ದವರು. ಒಂದೇ ದಿನದಲ್ಲಿ ಇಡೀ ತಟ್ಟೆಯ ಹಾಡುಗಾರಿಕೆ ಮುಗಿಸಿದರು. ‘ಇಂಡಸ್ಟ್ರಿಯಲ್ ಎಸ್ಟೇಟ್’ ಎಂದು ಕಾರ್ಖಾನೆಗಳ ಬಡಾವಣೆಯ ಮೇಲೇ ಇದರಲ್ಲೊಂದು ಹಾಡುಂಟು. ಅದರಲ್ಲಿ ಕಾರ್ಮಿಕನ ಗುಣಗಾನವಿಲ್ಲ, ಬೇಸರವಿದೆ, ವ್ಯಂಗ್ಯವಿದೆ. ನಮ್ಮ ಸಭೆಗಳಲ್ಲಿ ಹಾಡುವ ಹಾಡುಗಳಿಗೂ ಇಷ್ಟು ಉಪ್ಪು ಇದ್ದಿದ್ದರೆ ಎಂದು ನಾನು ಹಲವು ಸಲ ಅಂದುಕೊಂಡಿದ್ದೇನೆ.

ನವೆಂಬರಿನಲ್ಲಿ ಬಂದದ್ದು ‘ದಿ ರೇನ್‌ಕೋಟ್ಸ್’. ನಾಲ್ವರು ಹೆಂಗಸರ ತಂಡ. ಒಬ್ಬರು ಪೋರ್ಚುಗಲ್ಲಿನವರು, ಒಬ್ಬರು ಸ್ಪೇನಿನವರು. ಪಿಟೀಲು ಒಂದು ಕಡೆ ಎಳೆಯುತ್ತದೆ, ಡ್ರಮ್ಮು ಇನ್ನೊಂದು ಕಡೆ ಓಡುತ್ತದೆ. ಇನ್ನೇನು ಎಲ್ಲ ಬಿದ್ದುಹೋಯಿತು ಎನ್ನುವಷ್ಟರಲ್ಲಿ ಹಾಡು ಮತ್ತೆ ಕಾಲೂರಿ ನಿಲ್ಲುತ್ತದೆ. ಶ್ರುತಿ ಬಲ್ಲ ಹಿರಿಯರು ಮುಖ ಸಿಂಡರಿಸಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ನನಗಂತೂ ಆ ವರ್ಷದ ತಟ್ಟೆಗಳಲ್ಲಿ ಇದರ ಮೇಲೆಯೇ ಪ್ರೀತಿ ಹೆಚ್ಚು. ದೊಡ್ಡ ಕಂಪನಿಯ ಅಧಿಕಾರಿ ಇದನ್ನು ಅರ್ಧ ಕೇಳಿ ತಿದ್ದಿಕೊಂಡು ಬನ್ನಿ ಎಂದು ಕಳಿಸುತ್ತಿದ್ದ. ಇದೇ ತಟ್ಟೆಯನ್ನು ಹುಡುಕಿಕೊಂಡು 1992ರಲ್ಲಿ ಅಮೆರಿಕದ ನಿರ್ವಾಣ ತಂಡದ ಕರ್ಟ್ ಕೊಬೇನ್ ರಫ್ ಟ್ರೇಡ್ ಅಂಗಡಿಗೆ ಬಂದರು. ಆಗ ಅವರ ಹೆಸರು ಲೋಕದ ತುಂಬ. ಅಂಗಡಿಯವರು ಅವರನ್ನು ಹತ್ತಿರದ ಹಳೆಯ ಸಾಮಾನಿನ ಅಂಗಡಿಗೆ ಕಳಿಸಿದರು. ರೇನ್‌ಕೋಟ್ಸಿನ ಆನಾ ಡ ಸಿಲ್ವ ಅಲ್ಲಿ ಕೆಲಸಕ್ಕಿದ್ದರು. ಮರುವರ್ಷ ತಟ್ಟೆ ಮತ್ತೆ ಅಚ್ಚಾಯಿತು. ಆದರೆ ಒಂದು ಸಂಗತಿ ಮರೆಯಬಾರದು. ಹಾಡು ಹೊರಬಂದು ಹದಿಮೂರು ವರ್ಷವಾಗಿತ್ತು, ಹಾಡಿದವರು ಹೊಟ್ಟೆಪಾಡಿಗೆ ಅಂಗಡಿಯ ಕೆಲಸದಲ್ಲಿದ್ದರು. ಅರ್ಧ ಪಾಲಿನ ಒಪ್ಪಂದ ನ್ಯಾಯವಾದದ್ದೇ. ಮಾರಿದ್ದೇ ಕಡಮೆಯಾದರೆ ಅರ್ಧವೂ ಕಡಮೆಯೇ.

ಜೂನಿನಲ್ಲಿ ಬಂದ ತಟ್ಟೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಜಾಯ್ ಡಿವಿಷನ್ ತಂಡದ ‘ಅನ್‌ನೋನ್ ಪ್ಲೆಷರ್ಸ್’. ಹಾಡುಗಾರ ಇಯಾನ್ ಕರ್ಟಿಸ್ ರೇಷ್ಮೆ ಗಿರಣಿಗಳಿಗೆ ಹೆಸರಾಗಿದ್ದ ಮ್ಯಾಕ್ಲ್ಸ್‌ಫೀಲ್ಡ್ ಊರಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ನೌಕರ. ಅಲ್ಲಿಗೆ ಬರುತ್ತಿದ್ದ ಮೂರ್ಛೆರೋಗದ ಹೆಂಗಸೊಬ್ಬಳ ಪಾಡು ಇದರ ಒಂದು ಹಾಡಾಯಿತು. ತಟ್ಟೆ ಹೊರಬರುವ ಮೊದಲೇ ಅದೇ ರೋಗ ಅವರಿಗೂ ಇದೆಯೆಂದು ತಿಳಿದಿತ್ತು. 1980ರ ಮೇ 18ರಂದು, 23ನೆಯ ವಯಸ್ಸಿನಲ್ಲಿ, ಅವರು ತಾವೇ ಜೀವ ಕಳೆದುಕೊಂಡರು.

ಧ್ವನಿ ಹದಮಾಡಿದವರು ಮಾರ್ಟಿನ್ ಹ್ಯಾನೆಟ್, ಬಜ್‌ಕಾಕ್ಸಿನ ಆ ಮೊದಲ ತಟ್ಟೆಗೂ ಕೆಲಸ ಮಾಡಿದ್ದವರೇ. ಸ್ಟುಡಿಯೋದ ಹಳೆಯ ಲಿಫ್ಟಿನ ಸದ್ದನ್ನೂ ಬಿಡದೆ ಹಾಡಿನೊಳಗೆ ತಂದರು. ಇಡೀ ತಟ್ಟೆ ಯಂತ್ರಗಳನ್ನು ಕಿತ್ತೊಯ್ದ ಮೇಲಿನ ಗಿರಣಿ ಶೆಡ್ಡಿನಲ್ಲಿ ನಿಂತು ಕೇಳಿದಂತಿದೆ. ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಮರುದನಿ ಬರುವ ಜಾಗ. ತಂಡದ ಗಿಟಾರಿನ ಹುಡುಗರಿಗೆ ಇದು ಸಮ್ಮತವಿರಲಿಲ್ಲ. ತಮ್ಮ ಅಬ್ಬರವನ್ನೆಲ್ಲ ಹ್ಯಾನೆಟ್ ಹಿಂಡಿ ತೆಗೆದರೆಂದು ದೂರಿದರು. ನನ್ನ ಮತ ಹ್ಯಾನೆಟ್ ಕಡೆಗೆ.

ಈ ತಟ್ಟೆಯನ್ನು ಹೊರತಂದ ಸಂಸ್ಥೆಯ ಹೆಸರು ‘ಫ್ಯಾಕ್ಟರಿ’. ಸ್ಥಾಪಕರಲ್ಲಿ ಒಬ್ಬರು ಟೋನಿ ವಿಲ್ಸನ್, ಟೆಲಿವಿಷನ್ನಿನಲ್ಲಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು. ತಾಯಿ ಬಿಟ್ಟುಹೋದ ಹಣ ಬಂಡವಳಕ್ಕೆ ಒದಗಿತು. ‘ಅನ್‌ನೋನ್ ಪ್ಲೆಷರ್ಸ್’ ಮೊದಲ ಸಲಕ್ಕೆ 10,000 ಪ್ರತಿ ಒತ್ತಿಸಿದರು. ಹಾಡುಗಾರರೊಡನೆ ಇದ್ದ ಒಪ್ಪಂದ ಒಂದು ಹಾಳೆಯದು. ವಿಲ್ಸನ್ ಅದನ್ನು ತಮ್ಮ ರಕ್ತದಲ್ಲೇ ಬರೆದರೆಂದು ಪ್ರತೀತಿ. ಅದರ ಸಾರ: ಹಾಡೆಲ್ಲ ಹಾಡಿದವರದು, ಸಂಸ್ಥೆಯದು ಏನೂ ಇಲ್ಲ, ಬಿಟ್ಟು ಹೋಗಬೇಕೆಂದವರು ಯಾವಾಗ ಬೇಕಾದರೂ ಹೋಗಬಹುದು.

ಇಷ್ಟು ಕೇಳಿ ನೀವು ಕೈತಟ್ಟುವ ಮೊದಲು ಎದುರು ಪಕ್ಷದ ವಾದವನ್ನೂ ಇಡುತ್ತೇನೆ. ಅದೇ 1979ರಲ್ಲಿ ಲೀಡ್ಸ್ ನಗರದ ಗ್ಯಾಂಗ್ ಆಫ್ ಫೋರ್ ತಂಡ ‘ಎಂಟರ್‌ಟೇನ್‌ಮೆಂಟ್!’ ಎಂಬ ತಟ್ಟೆ ತಂದಿತು. ಮನುಷ್ಯನ ಬಿಡುವು, ಪ್ರೇಮ, ಮನೆಯ ಸುದ್ದಿಪೆಟ್ಟಿಗೆ ಎಲ್ಲವೂ ಹೇಗೆ ಮಾರಾಟದ ಸರಕಾದವೆಂದು ಅದಕ್ಕಿಂತ ಚುರುಕಾಗಿ ಹಾಡಿದವರಿಲ್ಲ. ಹೊರತಂದವರು ಯಾರು? ಇ.ಎಂ.ಐ.! ಸೈನ್ಯಕ್ಕೂ ವಿದ್ಯುನ್ಮಾನ ಉಪಕರಣ ಮಾಡಿ ಮಾರುತ್ತಿದ್ದ ಕಂಪನಿ. ದೊಡ್ಡ ಕಂಪನಿಯ ಗಾಡಿ ಹತ್ತಿದರೆ ಹೆಚ್ಚು ಜನಕ್ಕೆ ಮಾತು ಮುಟ್ಟುತ್ತದೆ ಎಂಬ ವಾದ. ಅದು ಹುರುಳಿಲ್ಲದ ವಾದವಲ್ಲ. ತಟ್ಟೆಯೂ ಜಾಯ್ ಡಿವಿಷನ್ನಿನದಕ್ಕೆ ಹೆಗಲೆಣೆಯಾಗಿ ನಿಲ್ಲುವಂಥದು. ಸ್ವಂತ ಒಡೆತನದ ಹಾಡೇ ಒಳ್ಳೆಯ ಹಾಡು ಎಂದು ಹೇಳಿದರೆ ಈ ತಟ್ಟೆ ಎದ್ದುನಿಂತು ಸುಳ್ಳು ಎನ್ನುತ್ತದೆ. ಆದರೆ ಆದದ್ದೇನು? ಬಿ.ಬಿ.ಸಿ.ಯ ದೊಡ್ಡ ಹಾಡಿನ ಕಾರ್ಯಕ್ರಮಕ್ಕೆ ಕರೆ ಬಂತು. ಒಂದು ಹಾಡಿನ ಒಂದು ಪದ ಬದಲಿಸಿ ಎಂದರು. ತಂಡದವರು ತಮಗೆ ಸರಿಕಂಡ ಬದಲು ಪದ ಕೊಟ್ಟರು. ಬಿ.ಬಿ.ಸಿ. ತಾನು ಹೇಳಿದ ಪದವೇ ಆಗಬೇಕೆಂದಿತು. ತಂಡದವರು ಎದ್ದು ಹೊರನಡೆದರು. ಗಾಡಿ ದೊಡ್ಡದು, ಆದರೆ ಲಗಾಮು ಬೇರೆಯವರ ಕೈಯಲ್ಲಿ.

ಇತ್ತ ಫ್ಯಾಕ್ಟರಿಯ ಗತಿಯೂ ಸುಖಾಂತವಲ್ಲ. ಕರ್ಟಿಸ್ ತೀರಿಕೊಂಡ ಮೇಲೆ ಉಳಿದವರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಹಾಡಿ ಹಣ ತಂದರು. ಆ ಹಣ 1982ರಲ್ಲಿ ತೆರೆದ ‘ಹಸಿಯೆಂಡ’ ಎಂಬ ನೃತ್ಯಶಾಲೆಗೂ, ಆಮೇಲೆ ಬೆಡಗಿನ ಹೊಸ ಕಚೇರಿ ಕಟ್ಟಡಕ್ಕೂ ಹರಿಯಿತು. ಲೆಕ್ಕ ಬರೆಯುವುದು ಕಲೆಗೆ ಕಮ್ಮಿ ಎಂದು ಅವರು ಭಾವಿಸಿದಂತಿತ್ತು. 1992ರಲ್ಲಿ ಲಂಡನ್ ರೆಕಾರ್ಡ್ಸ್ ಎಂಬ ಕಂಪನಿ ಸಂಸ್ಥೆಯನ್ನು ಕೊಳ್ಳಲು ಬಂದಾಗ ಆ ಹಾಳೆ ಹೊರಬಿತ್ತು. ಸಂಸ್ಥೆಯದು ಏನೂ ಇಲ್ಲವೆಂದ ಮೇಲೆ ಕೊಳ್ಳುವುದೇನನ್ನು? ವ್ಯಾಪಾರ ಮುರಿಯಿತು, ನವೆಂಬರಿನಲ್ಲಿ ಫ್ಯಾಕ್ಟರಿ ದಿವಾಳಿ. ಹಾಡುಗಾರರ ಹಾಡು ಅವರಿಗೇ ಉಳಿಯಿತು, ಆ ಹಾಳೆಯ ಪುಣ್ಯದಿಂದ. ಸಂಸ್ಥೆಗೆ ಸಾಲವಾಗಿ ಸರಕು ಕೊಟ್ಟ ಸಣ್ಣವರ ಕಣ್ಣಿಂದ ನೋಡಿದರೆ ಅದೇ ಹಾಳೆ ಬೇರೆಯಾಗಿ ಕಾಣುತ್ತದೆ. ಅಂಗಡಿಯ ಮಿತ್ರರು ಇದನ್ನು ಯೋಚಿಸಬೇಕು. ರಫ್ ಟ್ರೇಡಿನ ಸಾಗಣೆ ವಿಭಾಗವೂ 1991ರಲ್ಲಿ ಕುಸಿದು, ಅದನ್ನು ನಂಬಿದ್ದ ಅನೇಕ ಸಣ್ಣ ಸಂಸ್ಥೆಗಳ ಬಾಕಿ ಸಿಕ್ಕಿಬಿತ್ತು. ಸದುದ್ದೇಶದ ಜೊತೆಗೆ ರೋಜು ಕೀರ್ದಿಯೂ ಬೇಕಿತ್ತು.

ಇವತ್ತು ತಟ್ಟೆ ಒತ್ತಿಸಬೇಕಾಗಿಯೇ ಇಲ್ಲ. ಮನೆಯಲ್ಲಿ ಹಾಡಿ ಫೋನಿಗೆ ಏರಿಸಿದರಾಯಿತು, ಎಲ್ಲರೂ ಸ್ವತಂತ್ರರೇ ಎನ್ನುತ್ತಾರೆ. ಸಾಗಣೆ ಯಾರದು ಎಂಬ ಹಳೆಯ ಪ್ರಶ್ನೆಯನ್ನೇ ಕೇಳಿ ನೋಡಿ. ಸ್ಪಾಟಿಫೈ ಕಂಪನಿ 2024ರಿಂದ ಒಂದು ನಿಯಮ ತಂದಿತು: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಕಾಸಿಲ್ಲ. ಹಾಡುಗಾರರಿಗೆ ಹೆಚ್ಚು ಪಾಲು ಕೊಡುತ್ತಿದ್ದ ಬ್ಯಾಂಡ್‌ಕ್ಯಾಂಪ್ 2022ರಲ್ಲಿ ಒಬ್ಬ ಮಾಲೀಕನಿಗೆ, 2023ರಲ್ಲಿ ಇನ್ನೊಬ್ಬನಿಗೆ ಮಾರಾಟವಾಯಿತು. ನೌಕರರು ಸಂಘ ಕಟ್ಟಿದ ಅದೇ ವರ್ಷ ಅವರಲ್ಲಿ ಸುಮಾರು ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ಬೇರೆ ದಾರಿ ಹಿಡಿದವರೂ ಉಂಟು. ಕೆನಡದ ಪ್ಯಾಟ್ರಿಕ್ ಫ್ಲೆಗೆಲ್ ‘ಸಿಂಡಿ ಲೀ’ ಎಂಬ ಹೆಸರಿನಲ್ಲಿ 2024ರ ಮಾರ್ಚಿಯಲ್ಲಿ ಎರಡು ಗಂಟೆಗಳ, 32 ಹಾಡುಗಳ ‘ಡೈಮಂಡ್ ಜುಬಿಲಿ’ಯನ್ನು ಸ್ಪಾಟಿಫೈಗೆ ಕೊಡದೆ, ತಮ್ಮದೇ ಪುಟದಲ್ಲಿ, ಇಷ್ಟು ಕೊಟ್ಟರೆ ಸಂತೋಷ ಎಂದು ಬರೆದು ಇಟ್ಟರು. ಆ ವರ್ಷದ ಉತ್ತಮ ಮುದ್ರಿಕೆಗಳ ಪಟ್ಟಿಗಳಲ್ಲಿ ಅದು ಮುಂದಿನ ಸಾಲಿನಲ್ಲೇ ಇತ್ತು.

ಮಾತು ಸಾಕು. ಈಗ ಎರಡು ತಟ್ಟೆ ಹಾಕುತ್ತೇವೆ, ಮೊದಲು ರೇನ್‌ಕೋಟ್ಸ್, ಆಮೇಲೆ ಜಾಯ್ ಡಿವಿಷನ್. ರಾತ್ರಿ ಪಾಳಿಯವರು ಬಾಗಿಲ ಹತ್ತಿರ ಕುಳಿತುಕೊಳ್ಳಿ, ಮಧ್ಯದಲ್ಲಿ ಎದ್ದು ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎರಡನೆಯದರಲ್ಲಿ ಲಿಫ್ಟಿನ ಸದ್ದು ಯಾವ ಹಾಡಿನಲ್ಲಿದೆ ಎಂದು ಮೊದಲು ಕೈ ಎತ್ತಿ ಹೇಳಿದವರ ಚಹ ನನ್ನ ಲೆಕ್ಕದಲ್ಲಿ.